ಔಷಧ ಬದಲಾದರೆ ಹಳೆಯ ಪಟ್ಟಿ ಸಾಲದು

ಓದುಗರೊಬ್ಬರ ಪತ್ರದ ಸಾರ: "ನನ್ನ ತಾಯಿಗೆ 58 ವರ್ಷ. ಸ್ತನ ಕ್ಯಾನ್ಸರಿಗೆ ಕೀಮೊ ನಡೆಯುತ್ತಿದೆ. ಮೂರು ವಾರಕ್ಕೊಮ್ಮೆಯಂತೆ ಡಾಕ್ಸೊರುಬಿಸಿನ್ ಮತ್ತು ಸೈಕ್ಲೊಫಾಸ್ಫಮೈಡ್ ನಾಲ್ಕು ಸಲ ಮುಗಿಯಿತು. ವಾಂತಿ, ಬಾಯಿಹುಣ್ಣು ನಿಭಾಯಿಸುವುದನ್ನು ಕಲಿತೆವು. ಈಗ ಪ್ಯಾಕ್ಲಿಟ್ಯಾಕ್ಸೆಲ್ ವಾರಕ್ಕೊಂದರಂತೆ ಹನ್ನೆರಡು, ನಾಲ್ಕು ಆಗಿವೆ. ಇದು ಹಗುರ ಎಂದು ಎಲ್ಲರೂ ಹೇಳಿದ್ದರು. ಆದರೆ ಡ್ರಿಪ್ ಆದ ಎರಡು ಮೂರನೇ ದಿನ ತೊಡೆ, ಮೊಣಕಾಲು ಹಿಂಡಿದಂತೆ ನೋವು. ಬೆರಳ ತುದಿಗಳಿಗೆ ಜೋಮು. ಡೋಸ್ ಇಳಿಸಿಬಿಡುತ್ತಾರೆಂದು ಅಮ್ಮ ವೈದ್ಯರಿಗೆ ಹೇಳಲು ಒಪ್ಪುತ್ತಿಲ್ಲ. ವಾಂತಿ ತಡೆಯಲು ಹಿಂದೆ ಕೊಟ್ಟ ಮಾತ್ರೆಗಳನ್ನೇ ಮುಂದುವರಿಸಿದ್ದೇವೆ. ಮೊದಲ ಔಷಧ ಕೆಲಸ ಮಾಡಲಿಲ್ಲವೆಂದು ಬದಲಿಸಿದರೇ? ಕೂದಲು ಯಾವಾಗ ಬರುತ್ತದೆ?"

ಸಂಪಾದಕರ ಉತ್ತರ:

ನಿಮ್ಮನ್ನು ಹೆಚ್ಚು ಕಾಡುತ್ತಿರುವ ಪ್ರಶ್ನೆಯಿಂದಲೇ ಶುರು ಮಾಡೋಣ. ನೀವು ಬರೆದಿರುವ ಕ್ರಮ, ಅಂದರೆ ನಾಲ್ಕು ಸುತ್ತು ಡಾಕ್ಸೊರುಬಿಸಿನ್ ಜೋಡಿ, ಆಮೇಲೆ ವಾರಕ್ಕೊಂದರಂತೆ ಹನ್ನೆರಡು ಪ್ಯಾಕ್ಲಿಟ್ಯಾಕ್ಸೆಲ್, ಸ್ತನ ಕ್ಯಾನ್ಸರಿನಲ್ಲಿ ಮೊದಲ ದಿನವೇ ಬರೆದಿಡುವ ಯೋಜನೆ. ಚಿಕಿತ್ಸೆಯ ಮೊದಲ ಹಾಳೆಯನ್ನು ತೆಗೆದು ನೋಡಿ, ಎರಡೂ ಹೆಸರುಗಳು ಅಲ್ಲಿಯೇ ಇದ್ದರೆ ಈ ಬದಲಾವಣೆಗೂ ಸೋಲಿಗೂ ಸಂಬಂಧವಿಲ್ಲ. ಹೆಸರು ಅಲ್ಲಿ ಇಲ್ಲದೆ ನಡುವೆ ಸೇರಿದ್ದರೆ ಕಾರಣ ಎರಡರಲ್ಲಿ ಒಂದಿರಬಹುದು: ಗಡ್ಡೆ ಕರಗುತ್ತಿಲ್ಲ, ಇಲ್ಲವೇ ಹಳೆಯ ಔಷಧವನ್ನು ದೇಹ ಇನ್ನು ತಾಳದು. ಯಾವುದೆಂದು ನೇರವಾಗಿ ಕೇಳಿ. ಉತ್ತರದ ಮೇಲೆ ಮುಂದಿನ ತಯಾರಿ ನಿಂತಿದೆ.

ಇನ್ನು "ಹಗುರ" ಎಂಬ ಮಾತು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಅದು ದಾರಿ ತಪ್ಪಿಸುವ ಮಾತು. ಡಾಕ್ಸೊರುಬಿಸಿನ್ ಬೇಗ ಬೇಗ ವಿಭಜನೆಯಾಗುವ ಜೀವಕೋಶಗಳ ಡಿಎನ್‌ಎಗೆ ಹೊಡೆಯುತ್ತದೆ. ಹಾಗಾಗಿ ಬಾಯಿಯ ಒಳಪದರ, ಕೂದಲ ಬುಡ, ಮೂಳೆಮಜ್ಜೆ ಮೊದಲು ನರಳುತ್ತವೆ. ಪ್ಯಾಕ್ಲಿಟ್ಯಾಕ್ಸೆಲ್ ಹಿಡಿಯುವುದು ಜೀವಕೋಶದೊಳಗಿನ ಸೂಕ್ಷ್ಮ ನಳಿಕೆಗಳನ್ನು. ಅವು ಬಿಗಿದುಕೊಂಡರೆ ಕೋಶ ಎರಡಾಗಲಾರದು, ಕ್ಯಾನ್ಸರ್ ಕೋಶ ಸಾಯುವುದು ಹಾಗೆ. ಆದರೆ ನರಗಳೂ ತಮಗೆ ಬೇಕಾದ ಸಾಮಗ್ರಿಯನ್ನು ಬೆನ್ನುಹುರಿಯ ಬಳಿಯಿಂದ ಬೆರಳ ತುದಿಯವರೆಗೆ ಇದೇ ನಳಿಕೆಗಳ ಮೇಲೆ ಸಾಗಿಸುತ್ತವೆ. ಸಾಗಾಟ ಕುಂಠಿತವಾದಾಗ ಮೊದಲು ಸೊರಗುವುದು ಅತಿ ಉದ್ದದ ನರಗಳ ತುದಿ: ಕಾಲ್ಬೆರಳು, ಆಮೇಲೆ ಕೈಬೆರಳು. ವಾಂತಿ ಕಡಿಮೆಯಾಗಿ ಜೋಮು ಶುರುವಾದದ್ದಕ್ಕೆ ಇದೇ ಕಾರಣ.

ನಿಮ್ಮ ತಾಯಿಯವರಿಗೆ ಆಗುತ್ತಿರುವುದು ಎರಡು ಬೇರೆ ಬೇರೆ ತೊಂದರೆ. ಅವನ್ನು ಒಂದೇ ಎಂದು ಬೆರೆಸಬೇಡಿ. ತೊಡೆ, ಮೊಣಕಾಲಿನ ನೋವು ಡ್ರಿಪ್ ಆದ ಒಂದರಿಂದ ಮೂರು ದಿನದೊಳಗೆ ಏರಿ ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಮುಂದಿನ ಡೋಸಿಗೆ ಮತ್ತೆ ಬರಬಹುದು. ಬೆಚ್ಚನೆಯ ಶಾಖ, ಮನೆಯೊಳಗೇ ನಿಧಾನ ನಡಿಗೆ, ವೈದ್ಯರು ಒಪ್ಪಿದ ನೋವಿನ ಮಾತ್ರೆ, ಇಷ್ಟರಲ್ಲಿ ಅದನ್ನು ದಾಟಬಹುದು. ಜೋಮು ಹಾಗಲ್ಲ. ಅದು ಡೋಸಿನಿಂದ ಡೋಸಿಗೆ ಒಟ್ಟುಗೂಡುತ್ತದೆ. ಆರಂಭದಲ್ಲಿ ಎರಡು ದಿನ ಇದ್ದು ಹೋಗುವುದು, ಆಮೇಲೆ ನಾಲ್ಕು ದಿನ, ಒಂದು ಹಂತದಲ್ಲಿ ಮುಂದಿನ ಡ್ರಿಪ್ ಬರುವ ಹೊತ್ತಿಗೂ ಹೋಗಿರುವುದಿಲ್ಲ. ಆ ಕೊನೆಯ ಸ್ಥಿತಿ ಬಂದಿದೆಯೇ ಎಂಬುದೇ ವೈದ್ಯರಿಗೆ ಬೇಕಾದ ಸುದ್ದಿ.

"ಸ್ವಲ್ಪ ಜೋಮು ಇದೆ" ಎಂದರೆ ಅವರಿಗೆ ಏನೂ ತಿಳಿಯುವುದಿಲ್ಲ. ಪ್ರತಿ ಡ್ರಿಪ್‌ನ ಹಿಂದಿನ ಸಂಜೆ ಐದು ನಿಮಿಷ ಮೀಸಲಿಡಿ. ಅಂಗಿಯ ಗುಂಡಿ ಹಾಕಲು ಎಷ್ಟು ಹೊತ್ತು ಹಿಡಿಯಿತು? ಪೆನ್ನು ಕೈಯಿಂದ ಜಾರುತ್ತದೆಯೇ? ಪಾತ್ರೆ ಬೀಳುತ್ತಿದೆಯೇ? ಕಣ್ಣು ಮುಚ್ಚಿ ನಿಂತರೆ ತೂರಾಡುತ್ತಾರೆಯೇ? (ನೀವು ಪಕ್ಕದಲ್ಲೇ ನಿಂತಿರಬೇಕು.) ಜೋಮು ಬೆರಳ ತುದಿಯಲ್ಲಿದೆಯೇ, ಮೊದಲ ಗೆಣ್ಣಿನವರೆಗೆ ಬಂತೇ, ಅಂಗಾಲಿಗೆ ಹರಡಿತೇ? ದಿನಾಂಕ ಹಾಕಿ ಒಂದೇ ಸಾಲು ಬರೆದಿಟ್ಟರೆ ಸಾಕು. ನಾಲ್ಕು ವಾರದ ನಾಲ್ಕು ಸಾಲು ಯಾವ ವಿವರಣೆಗಿಂತಲೂ ಚೆನ್ನಾಗಿ ಮಾತಾಡುತ್ತದೆ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಈ ತೊಂದರೆ ಬೇಗ ಬರುತ್ತದೆ. ನಿಮ್ಮ ತಾಯಿಯವರಿಗೆ ಅದು ಇದ್ದರೆ ಮೊದಲ ಸಾಲಿನಲ್ಲೇ ಬರೆಯಿರಿ. ಬಿ12 ಕಡಿಮೆ ಇದ್ದರೂ ಇದೇ ಲಕ್ಷಣ ಕಾಣಿಸುತ್ತದಾದ್ದರಿಂದ ಅದನ್ನೂ ಒಮ್ಮೆ ಪರೀಕ್ಷಿಸಬೇಕೇ ಎಂದು ಕೇಳಿ.

ವೈದ್ಯರಿಂದ ಮುಚ್ಚಿಡುವ ವಿಷಯದಲ್ಲಿ ನಾವು ನಿಮ್ಮ ತಾಯಿಯವರ ಪಕ್ಷ ವಹಿಸಲಾರೆವು. ಅವರ ಭಯ ಅರ್ಥವಾಗುತ್ತದೆ. ಆದರೆ ಲೆಕ್ಕ ಅವರು ಅಂದುಕೊಂಡದ್ದಕ್ಕೆ ತಿರುಗಾಮುರುಗಾ ಇದೆ. ನಾಲ್ಕು ಐದನೇ ಡೋಸಿನಲ್ಲಿ ತಿಳಿದರೆ ವೈದ್ಯರ ಕೈಯಲ್ಲಿ ದಾರಿಗಳು ಇರುತ್ತವೆ: ಒಂದು ವಾರ ಮುಂದೂಡುವುದು, ಡೋಸನ್ನು ಐದನೇ ಒಂದು ಭಾಗದಷ್ಟು ಇಳಿಸುವುದು, ಅದೇ ಗುಂಪಿನ ಬೇರೆ ಔಷಧಕ್ಕೆ ಹೋಗುವುದು. ಎಂಟನೇ ಡೋಸಿನವರೆಗೆ ಸಹಿಸಿ, ಮೆಟ್ಟಿಲು ಇಳಿಯಲಾಗದ ಸ್ಥಿತಿಯಲ್ಲಿ ಹೇಳಿದರೆ ಉಳಿಯುವುದು ಒಂದೇ ದಾರಿ, ಪೂರ್ತಿ ನಿಲ್ಲಿಸುವುದು. ಹೆಚ್ಚಿನವರಲ್ಲಿ ಜೋಮು ಔಷಧ ಮುಗಿದ ಮೇಲೆ ತಿಂಗಳುಗಳಲ್ಲಿ ತಗ್ಗುತ್ತದೆ, ಕೆಲವರಲ್ಲಿ ಉಳಿದೇಬಿಡುತ್ತದೆ. ಇದನ್ನು ಖಚಿತವಾಗಿ ತಡೆಯುವ ಮಾತ್ರೆ ಇಲ್ಲ. ಉರಿ ಮತ್ತು ನೋವು ಇದ್ದರೆ ಡುಲೊಕ್ಸೆಟಿನ್ ಕೊಡುವುದುಂಟು, ಮೊದಲ ವಾರ ದಿನಕ್ಕೆ 30 ಮಿ.ಗ್ರಾಂ, ಆಮೇಲೆ 60. ಅದು ನೋವಿಗೆ ಮಾತ್ರ, ಮರಗಟ್ಟುವಿಕೆಗೆ ಅಷ್ಟಾಗಿ ಉಪಯೋಗವಿಲ್ಲ. ಮುಂದೆ ಟಮಾಕ್ಸಿಫೆನ್ ಎಂಬ ಹಾರ್ಮೋನ್ ತಡೆಯುವ ಮಾತ್ರೆ ಕೊಡುವ ಯೋಜನೆ ಇದ್ದರೆ ಅದನ್ನೂ ನೆನಪಿಸಿ, ಡುಲೊಕ್ಸೆಟಿನ್ ಅದರ ಕೆಲಸಕ್ಕೆ ಅಡ್ಡ ಬರಬಹುದು. ಯಾರೋ ಹೇಳಿದರೆಂದು ಅಸಿಟೈಲ್ ಎಲ್ ಕಾರ್ನಿಟಿನ್ ಮಾತ್ರೆ ತಂದುಕೊಡಬೇಡಿ. ಪ್ಯಾಕ್ಲಿಟ್ಯಾಕ್ಸೆಲ್ ಗುಂಪಿನ ಔಷಧ ಪಡೆಯುತ್ತಿದ್ದವರಲ್ಲಿ ಅದು ನರದ ತೊಂದರೆಯನ್ನು ಹೆಚ್ಚಿಸಿದ್ದು ಪರೀಕ್ಷೆಯಲ್ಲೇ ಕಂಡಿದೆ. ಡ್ರಿಪ್ ಓಡುವಾಗ ಶೀತಲ ಕೈಗವಸು, ಕಾಲ್ಚೀಲ ಹಾಕುವ ಕ್ರಮ ಕೆಲವು ಕಡೆ ಇದೆ. ಫಲಿತಾಂಶ ಎಲ್ಲ ಕಡೆ ಒಂದೇ ರೀತಿ ಬಂದಿಲ್ಲ, ಆದರೂ ಕೇಳಿ ನೋಡುವಂಥದ್ದು. ಮಂಜುಗಡ್ಡೆಯನ್ನು ಬರಿ ಚರ್ಮಕ್ಕೆ ಒತ್ತಬಾರದು.

ಜೋಮು ಹಿಡಿದ ಕಾಲಿಗೆ ಬಿಸಿ ಗೊತ್ತಾಗುವುದಿಲ್ಲ. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಬೇಕು, ನೋವಿಗೆ ಕೊಡುವ ಶಾಖವನ್ನೂ ನಿಮ್ಮ ಕೈಯಿಂದ ಪರೀಕ್ಷಿಸಿದ ಮೇಲೆಯೇ ಇಡಬೇಕು. ಮನೆಯೊಳಗೂ ಹಿಮ್ಮಡಿ ಹಿಡಿದಿಡುವ, ಜಾರದ ಪಾದರಕ್ಷೆ ಇರಲಿ. ರಾತ್ರಿ ಶೌಚಾಲಯದ ದಾರಿಯಲ್ಲಿ ದೀಪ ಉರಿಯಲಿ. ಮಲಗುವ ಮುನ್ನ ಅಂಗಾಲನ್ನು ನೀವೇ ನೋಡಿ. ಗಾಯವಾಗಿದ್ದರೂ ಅವರಿಗೆ ತಿಳಿದಿರಲಿಕ್ಕಿಲ್ಲ.

ಈಗ ಹಳೆಯ ಮಾತ್ರೆಗಳು. ನಿಮ್ಮ ಪತ್ರದಲ್ಲಿ ನಮಗೆ ಅಳುಕು ಹುಟ್ಟಿಸಿದ್ದು ಈ ಸಾಲು. ಡಾಕ್ಸೊರುಬಿಸಿನ್ ಜೋಡಿ ಅತಿ ಹೆಚ್ಚು ವಾಂತಿ ತರುವ ಗುಂಪಿಗೆ ಸೇರಿದ್ದು, ಆದ್ದರಿಂದ ಅದರ ಜತೆ ಆನ್‌ಡಾನ್‌ಸೆಟ್ರಾನ್, ಅಪ್ರೆಪಿಟೆಂಟ್, ಡೆಕ್ಸಾಮೆಥಸೋನ್, ಓಲಾಂಜಪಿನ್ ಹೀಗೆ ಮೂರು ನಾಲ್ಕು ಔಷಧ ಸೇರಿಸುತ್ತಾರೆ. ಪ್ಯಾಕ್ಲಿಟ್ಯಾಕ್ಸೆಲ್ ಕಡಿಮೆ ವಾಂತಿಯ ಗುಂಪಿನದು. ಹಿಂದಿನ ಪಟ್ಟಿಯನ್ನೇ ವಾರ ವಾರ ನುಂಗಿಸಿದರೆ ಸಿಗುವುದು ಆ ಮಾತ್ರೆಗಳದ್ದೇ ಅಡ್ಡಪರಿಣಾಮ: ಆನ್‌ಡಾನ್‌ಸೆಟ್ರಾನ್‌ನಿಂದ ಮಲಬದ್ಧತೆ, ತಲೆನೋವು, ಓಲಾಂಜಪಿನ್‌ನಿಂದ ಮಂಪರು. ಜೋಮು ಹಿಡಿದ ಕಾಲಿನವರು ಮಂಪರಿನಲ್ಲಿ ಎದ್ದು ನಡೆದರೆ ಬೀಳುತ್ತಾರೆ. ಅಪ್ರೆಪಿಟೆಂಟ್ ಇದ್ದಾಗ ಡೆಕ್ಸಾಮೆಥಸೋನ್ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ, ನಿಮ್ಮ ತಾಯಿಯವರಿಗೆ ಡ್ರಿಪ್‌ಗೆ ಮುನ್ನ ಹೇಗೂ ಆ ಸ್ಟೆರಾಯ್ಡ್ ಹೋಗುತ್ತಿರುತ್ತದೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ಮೇಜಿನ ಮೇಲಿಟ್ಟು, "ಈ ಔಷಧಕ್ಕೆ ಇವುಗಳಲ್ಲಿ ಯಾವುದು ಬೇಕು?" ಎಂದು ಕೇಳಿ ಹೊಸ ಪಟ್ಟಿ ಬರೆಸಿಕೊಳ್ಳಿ.

ಆ ಸ್ಟೆರಾಯ್ಡ್ ಕೊಡುವುದು ಅಲರ್ಜಿ ತಡೆಯಲು. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗದು. ಅದನ್ನು ಕರಗಿಸಲು ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಬಳಸುತ್ತಾರೆ, ಹೆಚ್ಚಿನ ಅಲರ್ಜಿಗೆ ಆ ದ್ರಾವಕವೇ ಕಾರಣ. ಸಾಮಾನ್ಯವಾಗಿ ಅದು ಮೊದಲ ಎರಡು ಡೋಸುಗಳಲ್ಲಿ, ಡ್ರಿಪ್ ಶುರುವಾದ ಹತ್ತು ನಿಮಿಷದೊಳಗೆ ಕಾಣಿಸುತ್ತದೆ. ನೀವು ನಾಲ್ಕು ದಾಟಿದ್ದೀರಿ. ಅಪಾಯ ತಗ್ಗಿದೆ, ಆದರೂ ಮುಖ ಕೆಂಪೇರುವುದು, ಎದೆ ಬಿಗಿತ, ಬೆನ್ನುನೋವು, ಉಸಿರುಕಟ್ಟುವಿಕೆ ಕಂಡರೆ ನರ್ಸ್ ಬರಲೆಂದು ಕಾಯದೆ ಕೂಗಿ ಕರೆಯಿರಿ. ಮೊದಲ ರಾತ್ರಿ ನಿದ್ದೆ ಬಾರದೆ, ಮರುದಿನ ಮುಖ ಕೆಂಪಾಗಿ ಹುರುಪಿನಲ್ಲಿದ್ದು, ಮೂರನೇ ದಿನ ಏಕಾಏಕಿ ಸೋತು ಅಳು ಬಂದಂತಾದರೆ ಅದು ಸ್ಟೆರಾಯ್ಡ್ ಏರಿ ಇಳಿದ ಗುರುತು. ತೊಡೆನೋವೂ ಅದೇ ದಿನಕ್ಕೆ ಬೀಳುವುದರಿಂದ ಮೂರನೇ ದಿನವೇ ವಾರದ ಅತಿ ಕೆಟ್ಟ ದಿನ. ಆ ದಿನ ಬೇರೆ ಕೆಲಸ, ಭೇಟಿ ಇಟ್ಟುಕೊಳ್ಳಬೇಡಿ. ಅಲರ್ಜಿ ಬಾರದಿದ್ದರೆ ಸ್ಟೆರಾಯ್ಡ್ ಪ್ರಮಾಣ ತಗ್ಗಿಸಬಹುದೇ ಎಂದು ಕೇಳಲು ಈಗ ಸರಿಯಾದ ಹೊತ್ತು.

ಹಳೆಯ ನಿಯಮಗಳಲ್ಲಿ ಬದಲಾಗದೆ ಉಳಿಯುವುದು ಜ್ವರದ್ದು. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿತೆಂದರೆ ಹೊತ್ತು ನೋಡದೆ ಫೋನ್ ಮಾಡಿ ಹೊರಡಿ. ವಾರದ ಡೋಸಿನಲ್ಲಿ ಬಿಳಿ ರಕ್ತಕಣ ಮೊದಲಿನಷ್ಟು ಕುಸಿಯದಿರಬಹುದು, ಆದರೆ ಕುಸಿದಾಗ ಸೋಂಕು ಗಂಟೆಗಳಲ್ಲಿ ಏರುತ್ತದೆ. ಇಲ್ಲೊಂದು ಹೊಸ ಬಲೆ ಇದೆ. ಮೈಕೈ ನೋವಿಗೆಂದು ಪ್ಯಾರಸಿಟಮಾಲ್ ನುಂಗಿದರೆ ಜ್ವರ ಅಡಗಿ ಕೂರುತ್ತದೆ. ಆದ್ದರಿಂದ ಪ್ರತಿ ಸಲವೂ ಮೊದಲು ಥರ್ಮಾಮೀಟರ್, ಆಮೇಲೆ ಮಾತ್ರೆ. ಐಬುಪ್ರೊಫೆನ್, ಆಸ್ಪಿರಿನ್ ಕೇಳದೆ ಬೇಡ. ಪ್ಲೇಟ್‌ಲೆಟ್ ಕಡಿಮೆ ಇದ್ದರೆ ರಕ್ತಸ್ರಾವವಾದೀತು.

ಮೆಟ್ಟಿಲು ಹತ್ತುವಾಗ ಏದುಸಿರು ಬಂದರೆ "ಕೀಮೊ ಸುಸ್ತು" ಎಂದು ತಳ್ಳಿಹಾಕುವುದೂ ಸರಿಯಲ್ಲ. ರಕ್ತಹೀನತೆ ಇರಬಹುದು, ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಅಪರೂಪಕ್ಕೆ ಶ್ವಾಸಕೋಶ ಉರಿಯೂತವಾಗಿರಬಹುದು (ಒಣಕೆಮ್ಮು ಜತೆಗಿರುತ್ತದೆ), ಅಥವಾ ಮುಗಿದುಹೋಯಿತು ಎಂದುಕೊಂಡ ಡಾಕ್ಸೊರುಬಿಸಿನ್ ಹೃದಯಕ್ಕೆ ಮಾಡಿದ ಹಾನಿ ತಡವಾಗಿ ಕಾಣಿಸಿಕೊಂಡಿರಬಹುದು. ಕಾಲು ಊದಿದ್ದರೆ, ಚಪ್ಪಟೆಯಾಗಿ ಮಲಗಲು ಕಷ್ಟವಾದರೆ ಅದೇ ದಿನ ತಿಳಿಸಿ.

ಬೇರೆ ಕ್ಯಾನ್ಸರಿನವರೂ ಈ ಪುಟ ಓದುತ್ತಾರೆಂದು ಒಂದೆರಡು ಮಾತು. ಕರುಳಿನ ಕ್ಯಾನ್ಸರಿನಲ್ಲಿ 5-ಎಫ್‌ಯು ಎಂಬ ಕೀಮೊ ಔಷಧ ಚುಚ್ಚುವಾಗ ಬಾಯಿಹುಣ್ಣು ತಡೆಯಲು ಅರ್ಧ ಗಂಟೆ ಮಂಜುಗಡ್ಡೆ ಚೀಪಲು ಹೇಳುವುದುಂಟು. ಅದರ ಜತೆ ಆಕ್ಸಾಲಿಪ್ಲಾಟಿನ್ ಎಂಬ ಇನ್ನೊಂದು ಕೀಮೊ ಔಷಧ ಸೇರಿತೆಂದರೆ ಅದೇ ಮಂಜುಗಡ್ಡೆ ಗಂಟಲು ಬಿಗಿದು ಉಸಿರೇ ನಿಂತಂಥ ಭಾವನೆ ತರುತ್ತದೆ. ಆಕ್ಸಾಲಿಪ್ಲಾಟಿನ್ ಬಿಟ್ಟು ಇರಿನೊಟೆಕಾನ್‌ಗೆ ಹೋದವರಿಗೆ ತಣ್ಣನೆಯ ನೀರಿನ ಭಯ ಕಳೆಯುತ್ತದೆ, ಭೇದಿಯ ಭಯ ಬರುತ್ತದೆ. ಡ್ರಿಪ್ ಓಡುವಾಗಲೋ ಆ ದಿನವೋ ಬೆವರು, ಹೊಟ್ಟೆನುಲಿತದ ಜತೆ ಬರುವ ಭೇದಿಗೆ ಆಸ್ಪತ್ರೆಯಲ್ಲಿ ಅಟ್ರೊಪಿನ್ ಕೊಡುತ್ತಾರೆ. 24 ಗಂಟೆಯ ನಂತರದ್ದಕ್ಕೆ ಲೊಪೆರಮೈಡ್, ಮೊದಲು 4 ಮಿ.ಗ್ರಾಂ, ಆಮೇಲೆ 12 ಗಂಟೆ ಭೇದಿ ಇಲ್ಲದಿರುವವರೆಗೆ ಎರಡು ಗಂಟೆಗೊಮ್ಮೆ 2 ಮಿ.ಗ್ರಾಂ. ಇದು ಮಾತ್ರೆ ಪೊಟ್ಟಣದ ಮೇಲಿನ ಮಿತಿಯನ್ನು ಮೀರುವ ಪ್ರಮಾಣ, ವೈದ್ಯರು ಬರೆದುಕೊಟ್ಟವರಿಗೆ ಮಾತ್ರ. ಭೇದಿಯ ಜತೆ ಜ್ವರವೂ ಬಂದರೆ ಮನೆಯಲ್ಲಿ ಕೂರುವಂತಿಲ್ಲ. ಇನ್ನೊಂದು ಮಾತು, ಆಕ್ಸಾಲಿಪ್ಲಾಟಿನ್ ನಿಂತ ಮೇಲೂ ಅದರ ಜೋಮು ಎರಡು ಮೂರು ತಿಂಗಳು ಏರಬಹುದು. ಆ ತಪ್ಪನ್ನು ಹೊಸ ಔಷಧದ ತಲೆಗೆ ಕಟ್ಟಿ ಅದನ್ನು ಬಿಡುವುದು ಬೇಡ.

ಕೂದಲಿನ ಬಗ್ಗೆ ಕೇಳಿದ್ದೀರಿ. ವಾರದ ಡೋಸು ನಡೆಯುತ್ತಿರುವಾಗಲೇ ಕೆಲವರಿಗೆ ತೆಳ್ಳನೆಯ ನಯಕೂದಲು ಕಾಣಿಸುತ್ತದೆ. ಅದೇ ಸಮಯಕ್ಕೆ, ಮೊದಲ ಔಷಧದಲ್ಲಿ ಉಳಿದುಕೊಂಡಿದ್ದ ಹುಬ್ಬು, ರೆಪ್ಪೆ ಉದುರುವುದೂ ಇದೆ. ರೆಪ್ಪೆ ಹೋದಾಗ ಧೂಳಿಗೆ ಕಣ್ಣು ಉರಿಯುತ್ತದೆ, ಹೊರಗೆ ಹೋಗುವಾಗ ಕನ್ನಡಕ ಇರಲಿ. ಎಲ್ಲ ಡೋಸು ಮುಗಿದ ಒಂದೆರಡು ತಿಂಗಳಲ್ಲಿ ತಲೆಗೂದಲು ಸರಿಯಾಗಿ ಮೊಳೆಯಲು ಶುರುವಾಗುತ್ತದೆ. ಮೊದಮೊದಲು ಬಣ್ಣವೋ ಗುಂಗುರೋ ಬೇರೆ ಇದ್ದೀತು. ಉಗುರುಗಳ ಮೇಲೆ ಅಡ್ಡಗೆರೆ ಕಂಡರೆ ಗಾಬರಿ ಬೇಡ, ಅವು ಉಗುರು ಬೆಳೆದಂತೆ ಮುಂದೆ ಸರಿದು ಹೋಗುತ್ತವೆ. ಉಗುರು ಬುಡ ಬಿಟ್ಟು ಎದ್ದು ಕೀವು, ವಾಸನೆ ಕಂಡರೆ ಮುಂದಿನ ಡ್ರಿಪ್‌ವರೆಗೆ ಕಾಯದೆ ತೋರಿಸಿ.