ಓದುಗರ ಪ್ರಶ್ನೆ: ಡಬ್ಲ್ಯೂಎಚ್‌ಓ ನಮ್ಮೂರಿಗೆ ಲಾಕ್‌ಡೌನ್ ಹಾಕತ್ತಾ?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ, ನಾವು ಶಿಡ್ಲಘಟ್ಟ ತಾಲ್ಲೂಕು, ರೇಷ್ಮೆ ಮಾಡ್ತೀವಿ. ವಾಟ್ಸಾಪಲ್ಲಿ ಒಂದು ವಿಡಿಯೋ ಓಡಾಡ್ತಿದೆ, ಎಲ್ಲಾ ದೇಶ ಸೇರಿ ಏನೋ ಒಪ್ಪಂದ ಮಾಡ್ಕೊಂಡಿದಾರಂತೆ, ಇನ್ಮೇಲೆ ವಿಶ್ವ ಆರೋಗ್ಯ ಸಂಸ್ಥೆ, ಅದೇ ಡಬ್ಲ್ಯೂಎಚ್‌ಓನೇ ಡೈರೆಕ್ಟಾಗಿ ನಮಗೆ ಲಾಕ್‌ಡೌನ್ ಹಾಕ್ಬೋದಂತೆ. ನಿಜಾನಾ? ಇನ್ನೊಂದು, 2021ರಲ್ಲಿ ನಮ್ಮಮ್ಮ ಕೊರೋನಾ ಲಸಿಕೆಗೆ ಮೂರು ಸಲ ಕ್ಯೂ ನಿಂತು ಬರಿಗೈಲಿ ವಾಪಸ್ ಬಂದ್ರು. ಅದಕ್ಕೆ ಮುಂಚೆ ನಾವು ಹೊರದೇಶಕ್ಕೆ ಲಸಿಕೆ ಕಳಿಸಿದ್ದು ಸರೀನಾ?

ಉತ್ತರ: ಲಾಕ್‌ಡೌನ್ ಮಾತು ಸುಳ್ಳು. ಆ ಒಪ್ಪಂದ, ಅಂದ್ರೆ ಮುಂದಿನ ಮಹಾಮಾರಿ ಎದುರಿಸೋಕೆ ದೇಶಗಳು ಮಾಡ್ಕೊಂಡ ಪ್ಯಾಂಡೆಮಿಕ್ ಒಪ್ಪಂದ, ಪಾಸಾಗಿದ್ದು 2025ರ ಮೇ 20ಕ್ಕೆ, ಜಿನೀವಾದಲ್ಲಿ. ಹಿಂದಿನ ದಿನ ಸಮಿತೀಲಿ ಮತ ಹಾಕಿದಾಗ 124 ದೇಶ ಪರ, ವಿರೋಧ ಒಂದೂ ಇಲ್ಲ, 11 ದೇಶ ತಟಸ್ಥ. ಲಾಕ್‌ಡೌನ್ ಹಾಕಿ, ಲಸಿಕೆ ಕಡ್ಡಾಯ ಮಾಡಿ ಅಂತ ಯಾವ ದೇಶಕ್ಕೂ ಹೇಳೋ ಅಧಿಕಾರ ಡಬ್ಲ್ಯೂಎಚ್‌ಓಗೆ ಇಲ್ಲ ಅಂತ ಅದರಲ್ಲೇ ಬರ್ದಿದಾರೆ. 2020ರಲ್ಲಿ ನಮಗೆ ಲಾಕ್‌ಡೌನ್ ಹಾಕಿದ್ದೂ ನಮ್ಮ ಸರ್ಕಾರಾನೇ ಅಲ್ವಾ.

ನನಗೆ ಚಿಂತೆ ಇರೋದು ಬೇರೆ. ನೀವು ಹುಳ ಸಾಕೋರು, ಬೇಗ ಅರ್ಥ ಆಗತ್ತೆ. ಒಬ್ಬರ ಹುಳದ ಮನೇಲಿ ಗಂಟುರೋಗ ಕಾಣಿಸ್ತು ಅಂದ್ಕೊಳ್ಳಿ, ಅವರು ಬಾಯಿಬಿಟ್ಟು ಹೇಳಿದ್ರೆ ಅಕ್ಕಪಕ್ಕದವರು ಮನೆ ತೊಳ್ದು ಔಷಧಿ ಹೊಡ್ದು ತಮ್ಮ ಬೆಳೆ ಉಳಿಸ್ಕೋತಾರೆ, ಆದ್ರೆ ಹೇಳಿದ ತಪ್ಪಿಗೆ ಗೂಡು ಕೊಂಡು ನೂಲು ತೆಗೆಯೋ ರೀಲರ್‌ಗಳು ಅವರ ಗೂಡು ಮುಟ್ಟೋದೇ ಬಿಟ್ರೆ ಮುಂದಿನ ಸಲ ಯಾರು ಹೇಳ್ತಾರೆ? 2021ರ ನವೆಂಬರ್ 24ಕ್ಕೆ ದಕ್ಷಿಣ ಆಫ್ರಿಕಾ ಕೊರೋನಾದ ಹೊಸ ತಳಿ ಸಿಕ್ಕಿದೆ ಅಂತ ಪ್ರಾಮಾಣಿಕವಾಗಿ ಡಬ್ಲ್ಯೂಎಚ್‌ಓಗೆ ತಿಳಿಸ್ತು, ಅದೇ ಓಮಿಕ್ರಾನ್, ಎರಡು ಮೂರು ದಿನದಲ್ಲೇ ಒಂದೊಂದೇ ದೇಶ ಅವರ ವಿಮಾನ ನಿಲ್ಲಿಸ್ತಾ ಬಂದ್ವು. ಗಂಭೀರ ಕಾಯಿಲೆ ಅಂತ ಗೊತ್ತಾದ 24 ಗಂಟೆ ಒಳಗೆ ತಿಳಿಸ್ಬೇಕು ಅಂತ 2007ರಿಂದಲೇ ನಿಯಮ ಇದೆ, ತಿಳಿಸಿದವರಿಗೆ ಆಗೋ ನಷ್ಟ ಮಾತ್ರ ಅವರದ್ದೇ.

ಅದೇ 2007ರಲ್ಲಿ ಇಂಡೋನೇಷ್ಯಾ ಹಕ್ಕಿಜ್ವರದ ಸ್ಯಾಂಪಲ್ ಕೊಡೋದು ನಿಲ್ಸಿತ್ತು. ನಮ್ಮ ವೈರಸ್ಸಿಂದ ಯಾರೋ ಲಸಿಕೆ ಮಾಡ್ತಾರೆ, ನಮಗೇ ಅದು ಕೊಳ್ಳೋಕಾಗಲ್ಲ ಅಂತ. ನ್ಯಾಯವಾದ ಸಿಟ್ಟು ಅದು. ಈಗಿನ ಒಪ್ಪಂದ ಅದನ್ನೇ ಸರಿಮಾಡೋಕೆ ನೋಡಿದೆ: ವೈರಸ್ ಸ್ಯಾಂಪಲ್ ಹಂಚ್ಕೊಂಡು ಅದರಿಂದಾದ ಲಸಿಕೆ, ಔಷಧಿಯನ್ನೂ ಹಂಚ್ಕೊಳ್ಳೋ ವ್ಯವಸ್ಥೆ, ಅದಕ್ಕೆ ಸೇರೋ ಕಂಪನಿಗಳು ಮಹಾಮಾರಿ ಬಂದಾಗ ತಯಾರಾದದ್ದರಲ್ಲಿ 20 ಪರ್ಸೆಂಟ್ ಡಬ್ಲ್ಯೂಎಚ್‌ಓಗೆ ಕೊಡೋ ಗುರಿ, ಅದರಲ್ಲಿ ಕನಿಷ್ಠ ಅರ್ಧ ಉಚಿತ. ಆದ್ರೆ ಎಲ್ಲಕ್ಕಿಂತ ಮುಖ್ಯವಾದ ಈ ಭಾಗದ ವಿವರಗಳನ್ನೇ ಮುಂದೆ ನೋಡೋಣ ಅಂತ ಬಾಕಿ ಬಿಟ್ಟು ಪಾಸ್ ಮಾಡಿದ್ರು, ನನಗೆ ಅದು ತುಂಬಾ ಬೇಜಾರು.

ಇನ್ನು ಅಮ್ಮನ ವಿಷಯ. ಆ ಕ್ಯೂಗಳನ್ನ ನಾನೂ ನೋಡಿದೀನಿ, ನಿಮ್ಮ ನೋವು ಗೊತ್ತು. ಎರಡನೇ ಅಲೆಗೆ ಮುಂಚೆ ನಮ್ಮಿಂದ ಹೊರಗೆ ಹೋಗಿದ್ದು ಸುಮಾರು 6.6 ಕೋಟಿ ಡೋಸ್. ಕಳಿಸಿದ್ದು ತಪ್ಪಲ್ಲ, ನಮ್ಮವರಿಗೆ ಎಷ್ಟು ಬೇಕು ಅಂತ ಮೊದಲೇ ಲೆಕ್ಕ ಹಾಕಿ ಸಾಕಷ್ಟು ಆರ್ಡರ್ ಕೊಡದೇ ಇದ್ದದ್ದು ತಪ್ಪು ಅಂತ ನಾನು ಹೇಳ್ತೀನಿ. ಶ್ರೀಮಂತ ದೇಶಗಳು ತಮ್ಮ ಜನಕ್ಕಿಂತ ಎಷ್ಟೋ ಪಟ್ಟು ಬುಕ್ ಮಾಡಿಟ್ಕೊಂಡಿದ್ವು, ಬಡ ದೇಶಗಳಿಗೆ ಹಂಚೋ ಕೋವ್ಯಾಕ್ಸ್ ನಂಬ್ಕೊಂಡಿದ್ದು ಹೆಚ್ಚಾಗಿ ನಮ್ಮ ಪುಣೆಯ ಲಸಿಕೇನ. ಅಲೆ ಬಂದ್ಮೇಲೆ ನಾವು ಕಳಿಸೋದು ನಿಲ್ಸಿದ್ವಿ, ಆಫ್ರಿಕಾದಲ್ಲಿ ಮೊದಲ ಡೋಸ್ ತಗೊಂಡಿದ್ದ ಎಷ್ಟೋ ನರ್ಸ್‌ಗಳು ಎರಡನೇದಕ್ಕೆ ತಿಂಗಳುಗಟ್ಟಲೆ ಕಾದ್ರು, ನಿಮ್ಮಮ್ಮ ಇಲ್ಲಿ ಕಾದ ಹಾಗೇನೇ.