ಟ್ಯಾಂಕ್ ತಳದ ತುಕ್ಕಿಂದ ಕಚ್ಚಾ ತೈಲ ಕೆಡುತ್ತಾ?

ಪ್ರಶ್ನೆ: ಎಣ್ಣೆ ಸವರಿದ ಕಬ್ಬಿಣಕ್ಕೆ ತುಕ್ಕು ಹಿಡಿಯಲ್ಲ ಅಂತಾರೆ. ಹಾಗಿದ್ಮೇಲೆ ಕಚ್ಚಾ ತೈಲದ ಟ್ಯಾಂಕ್ ಒಳಗೆ ತುಕ್ಕು ಹೇಗೆ ಬರುತ್ತೆ? ಬಂದ್ರೂ ತೈಲದ ಕ್ವಾಲಿಟಿ ಕೆಡುತ್ತಾ, ಇಲ್ಲ ಟ್ಯಾಂಕಿಗೆ ಮಾತ್ರ ಪೆಟ್ಟಾ?

ಉತ್ತರ: ನೀವು ಕೇಳಿರೋದು ಸರಿಯಾಗೇ ಇದೆ, ಎಣ್ಣೆ ಅಂಟಿರೋ ಕಡೆ ಪ್ಲೇಟಿಗೆ ಅಷ್ಟಾಗಿ ಏನೂ ಆಗಲ್ಲ. ತೊಂದ್ರೆ ಇರೋದು ತಳದಲ್ಲಿ. ಕಚ್ಚಾ ತೈಲದ ಜೊತೆ ಸ್ವಲ್ಪ ಉಪ್ಪುನೀರು ಬಂದೇ ಬರುತ್ತೆ, ತೈಲ ಸುಮ್ನೆ ನಿಂತಾಗ ಆ ನೀರು ನಿಧಾನಕ್ಕೆ ಇಳಿದು ಮಡ್ಡಿ ಜೊತೆ ತಳದಲ್ಲಿ ಕೂರುತ್ತೆ, ಅಲ್ಲಿ ಆಕ್ಸಿಜನ್ ಇಲ್ದೇನೇ ಬದುಕೋ ಬ್ಯಾಕ್ಟೀರಿಯಾ ನೀರಲ್ಲಿರೋ ಸಲ್ಫೇಟನ್ನ ಹೈಡ್ರೋಜನ್ ಸಲ್ಫೈಡ್ ಮಾಡ್ತವೆ, ಅದು ಕಬ್ಬಿಣನ ತಿಂದು ಐರನ್ ಸಲ್ಫೈಡ್ ಅನ್ನೋ ಕಪ್ಪು ಪುಡಿ ಆಗುತ್ತೆ. ಪ್ಲೇಟು ಸಮನಾಗಿ ಸವೆಯಲ್ಲ, ಸುತ್ತ ದಪ್ಪ ಹಾಗೇ ಇದ್ದು ಅಲ್ಲಲ್ಲಿ ಗುಂಡಿ ಬೀಳುತ್ತೆ.

ಇನ್ನು ಕ್ವಾಲಿಟಿ ವಿಷಯ. ತುಕ್ಕು ತೈಲದ ಮೂಲ ಅಂಶವಾದ ಹೈಡ್ರೋಕಾರ್ಬನ್‌ನ ಬದಲಾಯಿಸಲ್ಲ, ಆದ್ರೆ ಆ ಕಪ್ಪು ಪುಡಿ ನೀರಿನ ಹನಿಗಳ ಸುತ್ತ ಅಂಟ್ಕೊಂಡು ಒಂದು ಹನಿ ಇನ್ನೊಂದರ ಜೊತೆ ಸೇರದ ಹಾಗೆ ಮಾಡುತ್ತೆ, ನನ್ನ ಪ್ರಕಾರ ಅಸಲಿ ಡ್ಯಾಮೇಜ್ ಇದೇ. ತಳದ ಸ್ಯಾಂಪಲ್‌ನ ಗಾಜಿನ ಬಾಟಲಿಲಿ ಇಟ್ಟು ನೋಡಿ, ಮೇಲೆ ತೈಲ, ಕೆಳಗೆ ನೀರು, ನಡುವೆ ಕಪ್ಪಗೆ ಲೋಳೆ ಥರ ಒಂದು ಪದರ, ಗಂಟೆಗಟ್ಟಲೆ ಬಿಟ್ರೂ ಅದು ಒಡೆಯಲ್ಲ. ಮಿಕ್ಸರ್ ಹಾಕಿದಾಗ್ಲೋ ಲೆವೆಲ್ ತೀರಾ ಇಳಿಸಿ ಪಂಪ್ ಮಾಡಿದಾಗ್ಲೋ ಇದೆಲ್ಲ ಎದ್ದು ತೈಲದ ಜೊತೆ ಹೋಗುತ್ತೆ, ನೀರು-ಮಡ್ಡಿ ಸೇರಿ ಸಾಮಾನ್ಯವಾಗಿ ಒಪ್ಪೋ ಶೇ 0.5ರ ಮಿತಿ ದಾಟಿದ್ರೆ ಸರಕಿಗೆ ತಕರಾರು ಬರುತ್ತೆ. ರಿಫೈನರಿಲಿ ಡಿಸಾಲ್ಟರ್‌ಗೆ (ತೈಲದಿಂದ ಉಪ್ಪು, ನೀರು ತೆಗೆಯೋ ಯೂನಿಟ್) ಈ ನೀರು ಬೇರೆ ಮಾಡೋದು ಕಷ್ಟ, ಉಳಿದ ಮೆಗ್ನೀಸಿಯಂ, ಕ್ಯಾಲ್ಸಿಯಂ ಕ್ಲೋರೈಡ್ ಬಿಸಿಗೆ ಒಡೆದು ಹೈಡ್ರೋಕ್ಲೋರಿಕ್ ಆಸಿಡ್ ಆಗಿ ಮುಂದಿನ ಯೂನಿಟ್ಟನ್ನೂ ತಿನ್ನುತ್ತೆ, ತುಕ್ಕಿನ ಕಣಗಳು ಹೀಟ್ ಎಕ್ಸ್‌ಚೇಂಜರ್ (ಒಂದು ದ್ರವದ ಬಿಸಿ ಇನ್ನೊಂದಕ್ಕೆ ದಾಟಿಸೋ ಯಂತ್ರ) ಟ್ಯೂಬಲ್ಲಿ ಕಟ್ಕೋತವೆ.

ಮೇಲ್ಗಡೆನೂ ಒಂದು ತೊಂದ್ರೆ ಇದೆ, ಫ್ಲೋಟಿಂಗ್ ರೂಫ್ ಟ್ಯಾಂಕಲ್ಲಿ (ತೈಲದ ಮೇಲೇ ತೇಲೋ ಮುಚ್ಚಳ ಇರೋದು) ತುಕ್ಕಿಂದ ಗೋಡೆ ಒರಟಾಗಿ ಮುಚ್ಚಳದ ಅಂಚಿನ ಸೀಲ್ ಹರಿದ್ರೆ ಹಗುರ ಅಂಶ ಆವಿಯಾಗಿ ಹೋಗಿ ಉಳಿದ ತೈಲ ಸ್ವಲ್ಪ ಭಾರ ಆಗುತ್ತೆ.

ಏನ್ ಮಾಡ್ಬೇಕು ಅಂದ್ರೆ ಮೊದಲು ತಳದ ನೀರು ಡ್ರೈನ್ ಮಾಡಿ, ದಯವಿಟ್ಟು ಅದನ್ನ ಪುರುಸೊತ್ತಾದಾಗ ಮಾಡೋ ಕೆಲಸ ಅಂತ ಬಿಡಬೇಡಿ. ಆಮೇಲೆ ತಳಕ್ಕೂ ಗೋಡೆಯ ಕೆಳಭಾಗಕ್ಕೂ ಎಪಾಕ್ಸಿ ಲೈನಿಂಗ್ (ನೀರು ತಾಗದ ಹಾಗೆ ಗಟ್ಟಿ ಲೇಪನ), ಜೊತೆಗೆ ಒಳಗಡೆ ಆನೋಡ್, ಅಂದ್ರೆ ಪ್ಲೇಟಿನ ಬದಲು ತಾನೇ ಸವೆಯೋ ಲೋಹದ ತುಂಡು. ಟ್ಯಾಂಕ್ ಹೊರಗೆ ಮಣ್ಣಲ್ಲಿ ಕ್ಯಾಥೋಡಿಕ್ ಪ್ರೊಟೆಕ್ಷನ್ (ಸಣ್ಣ ಕರೆಂಟ್ ಹರಿಸಿ ತುಕ್ಕು ತಡೆಯೋ ವ್ಯವಸ್ಥೆ) ಇದೆಯಲ್ಲ ಅಂತ ತುಂಬಾ ಜನ ನೆಮ್ಮದಿಯಾಗಿರ್ತಾರೆ, ಅದು ಕಾಯೋದು ಪ್ಲೇಟಿನ ಅಡಿಭಾಗನ ಮಾತ್ರ, ಒಳಗಿನ ನೀರಿಗೂ ಅದಕ್ಕೂ ಸಂಬಂಧ ಇಲ್ಲ. ಎಪಿಐ 653 (ಟ್ಯಾಂಕ್ ತಪಾಸಣೆ, ರಿಪೇರಿಗೆ ಇರೋ ಅಮೆರಿಕನ್ ಸ್ಟ್ಯಾಂಡರ್ಡ್) ಪ್ರಕಾರ ತಳದ ಸ್ಕ್ಯಾನ್ ಮಾಡಿಸಿ. ಅದಕ್ಕೆ ಟ್ಯಾಂಕ್ ಖಾಲಿ ಮಾಡಿ ತೆಗೆದಾಗ ಹುಷಾರು, ಒಣಗಿದ ಐರನ್ ಸಲ್ಫೈಡ್‌ಗೆ ಗಾಳಿ ತಾಗಿದ್ರೆ ತಾನಾಗೇ ಹೊತ್ಕೊಳ್ಳುತ್ತೆ, ಮಡ್ಡಿ ಹೊರಗೆ ಹಾಕೋವರೆಗೂ ಅದನ್ನ ಒದ್ದೆಯಾಗೇ ಇಟ್ಟಿರಿ.