ಹಳ್ಳಿ ಅಂದರೆ ರೂಮಿಗೆ ತಾತ್ಸಾರವಿತ್ತೇ?

'ಹಳ್ಳಿಗೆ ಹೋಗಬೇಡ, ದಡ್ಡನಾಗುತ್ತೀಯ' ಎಂದು ಪರ್ಷಿಯನ್ ಸೂಫಿ ಕವಿ ರೂಮಿ ನಿಜವಾಗಿ ಬರೆದಿದ್ದಾರಾ ಅಂತ ಕೇಳಿದ್ದೀರಿ. ಹೌದು, ಅವರ ದೀರ್ಘ ಕಾವ್ಯ ಮಸ್ನವಿಯ 3ನೇ ಭಾಗದಲ್ಲಿದೆ. ಆದರೆ ಕಥೆ ಪೂರ್ತಿ ಓದಿ. ಹಳ್ಳಿಯವನೊಬ್ಬ ಪಟ್ಟಣದ ಗೆಳೆಯನ ಮನೆಯಲ್ಲಿ ವರ್ಷಾವರ್ಷ ತಿಂಗಳುಗಟ್ಟಲೆ ಉಂಡು, 'ನಮ್ಮೂರಿಗೂ ಬನ್ನಿ' ಅನ್ನುತ್ತಾನೆ. ಕೊನೆಗೆ ಗೆಳೆಯ ಹೆಂಡತಿ ಮಕ್ಕಳ ಸಮೇತ ಹೋದರೆ, ಗುರುತೇ ಇಲ್ಲ ಅಂದುಬಿಡುತ್ತಾನೆ! ಮಳೆಯಲ್ಲೂ ಒಳಗೆ ಕರೆಯುವುದಿಲ್ಲ. ಈ ಹಳ್ಳಿ ಯಾವುದು ಅಂತ ರೂಮಿಯೇ ಬಿಡಿಸಿ ಹೇಳುತ್ತಾರೆ: ಗುರಿ ಮುಟ್ಟದೆ, ಅನುಕರಣೆ ಮತ್ತು ವಾದಕ್ಕೆ ಜೋತುಬಿದ್ದ ಗುರು.

ನಿಜವಾದ ಹಳ್ಳಿ ಬೇಕಿದ್ದರೆ ಇನ್ನೊಬ್ಬ ಪರ್ಷಿಯನ್ ಕವಿ ಫಿರ್ದೌಸಿ ಇರಾನಿನ ರಾಜರ ಬಗ್ಗೆ ಬರೆದ ಮಹಾಕಾವ್ಯ ಶಾಹ್‌ನಾಮೆ ನೋಡಿ. ಬಹ್ರಾಮ್ ಗೂರ್ ರಾಜನ ಪುರೋಹಿತ 'ಇನ್ನು ಇಲ್ಲಿ ಎಲ್ಲರೂ ಯಜಮಾನರೇ' ಅಂದಷ್ಟಕ್ಕೆ ಹಸಿರು ಹಳ್ಳಿಯೊಂದು ಹಾಳಾಗುತ್ತದೆ. ಒಬ್ಬ ಮುದುಕನನ್ನು ಮುಖ್ಯಸ್ಥನಾಗಿ ನೇಮಿಸಿದ ಮೇಲೆ ಮತ್ತೆ ಚಿಗುರುತ್ತದೆ. ಫಿರ್ದೌಸಿ ಹಳ್ಳಿಯ ಜಮೀನ್ದಾರ ಮನೆತನದವರು, ಆ ದೃಷ್ಟಿ ಇಲ್ಲಿ ಎದ್ದು ಕಾಣುತ್ತದೆ, ಅಲ್ವಾ?